ಹೋದವರ ಲೆಕ್ಕ



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಅವರು ಅಂಗಡಿ ಲೆಕ್ಕ ಬರೆದು ಬದುಕಿದವರು ಎಂದು ಈಗತಾನೆ ಕೇಳಿದಿರಿ. ಹಾಗಾಗಿ ನಾನು ಆರಿಸಿಕೊಂಡ ವಿಷಯ ಅವರಿಗೆ ತೀರ ಹೊರಗಿನದಾಗಿರಲಾರದು. ಕಿರ್ದಿ ಪುಸ್ತಕದಲ್ಲಿ ಬಂದದ್ದು ಜಮಾ, ಹೋದದ್ದು ಖರ್ಚು, ಕಳೆದು ಉಳಿದದ್ದು ಶಿಲ್ಕು. ಸಂಜೆ ಪುಸ್ತಕದ ಶಿಲ್ಕಿಗೂ ಪೆಟ್ಟಿಗೆಯ ದುಡ್ಡಿಗೂ ತಾಳೆಯಾಗದಿದ್ದರೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ದೇಶಗಳೂ ಇಂಥದೊಂದು ಕಿರ್ದಿ ಇಟ್ಟಿವೆ. ಗಡಿ ದಾಟಿ ಒಳಗೆ ಬಂದವರು ಜಮಾ, ಹೊರಗೆ ಹೋದವರು ಖರ್ಚು. ಆದರೆ ಇಲ್ಲಿ ಪೆಟ್ಟಿಗೆ ತೆರೆದು ಎಣಿಸಲು ಬರುವುದಿಲ್ಲ. ಪೆಟ್ಟಿಗೆಯೆಂದರೆ ಇಡೀ ದೇಶ. ಆದ್ದರಿಂದ ಪುಸ್ತಕದಲ್ಲಿ ಉಳಿದ ಶಿಲ್ಕನ್ನೇ ನಿಜವೆಂದು ನಂಬುತ್ತಾರೆ. ಖರ್ಚು ಬರೆಯಲು ಮರೆತವನು ಗುಮಾಸ್ತನಾದರೂ ಕಳ್ಳ ಅನ್ನಿಸಿಕೊಳ್ಳುವವನು ಗಿರಾಕಿ. ಇಂದು ನಾನು ಹೇಳಬೇಕೆಂದಿರುವುದು ಈ ಅನ್ಯಾಯದ ಮಾತು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವನು. ನಿವೃತ್ತಿಯಾದ ಮರುವರ್ಷ, 2007ರಲ್ಲಿ, ಮಗಳ ಬಾಣಂತನಕ್ಕೆಂದು ನಾವು ಗಂಡ ಹೆಂಡತಿ ನ್ಯೂಜೆರ್ಸಿಗೆ ಹೋದೆವು. ಬಾಣಂತನ ಹೆಂಡತಿಯದು, ನನ್ನ ಪಾಲಿಗೆ ಬಂದದ್ದು ಅಂಗಳದ ಹಿಮ ಎತ್ತುವ ಕೆಲಸ. ಅಲ್ಲಿ ಇಳಿದ ದಿನ ಅಧಿಕಾರಿ ಪಾಸ್‌ಪೋರ್ಟಿಗೆ ಒಂದು ಬಿಳಿ ಚೀಟಿ ಪಿನ್ನು ಹೊಡೆದು ಕೊಟ್ಟ. ಐ-94 ಎಂದು ಅದರ ಹೆಸರು. ವೀಸಾ ಹತ್ತು ವರ್ಷದ್ದಿರಬಹುದು, ಆದರೆ ಈ ಸಲ ಎಷ್ಟು ದಿನ ಇರಬಹುದು ಎಂಬುದು ಆ ಚೀಟಿಯ ಮೇಲಿನ ತಾರೀಕಿನಲ್ಲಿ ಇರುತ್ತಿತ್ತು. ನಮಗೆ ಆರು ತಿಂಗಳು ಸಿಕ್ಕಿತ್ತು. ಹೊರಡುವಾಗ ವಿಮಾನ ಕಂಪನಿಯ ಕೌಂಟರಿನವರು ಅದನ್ನು ಕಿತ್ತು ಇಟ್ಟುಕೊಂಡು ಸರ್ಕಾರಕ್ಕೆ ಕಳಿಸಬೇಕು. ನಮ್ಮ ಕೌಂಟರಿನಲ್ಲಿದ್ದ ಹುಡುಗಿ ಸೂಟ್‌ಕೇಸಿನ ತೂಕದ ಗಲಾಟೆಯಲ್ಲಿ ಅದನ್ನು ಮರೆತಳು. ಮೈಸೂರಿಗೆ ಬಂದು ಪಾಸ್‌ಪೋರ್ಟು ತೆರೆದರೆ ಎರಡೂ ಚೀಟಿ ಹಾಗೇ ಇವೆ. ಅಂದರೆ ನಾವು ಸರಸ್ವತಿಪುರದ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರೂ ಅಮೆರಿಕದ ಪುಸ್ತಕದಲ್ಲಿ ಇನ್ನೂ ನ್ಯೂಜೆರ್ಸಿಯಲ್ಲೇ ಇದ್ದೆವು.

ಮಗಳು ವಿಚಾರಿಸಿ ಹೇಳಿದಳು: ಚೀಟಿಯನ್ನೂ, ದೇಶ ಬಿಟ್ಟದ್ದಕ್ಕೆ ಪುರಾವೆಯನ್ನೂ ಲಂಡನ್ ಎಂಬ ಊರಿಗೆ ಕಳಿಸಬೇಕು. ಇಂಗ್ಲೆಂಡಿನ ಲಂಡನ್ ಅಲ್ಲ, ಕೆಂಟುಕಿ ರಾಜ್ಯದಲ್ಲಿ ಆ ಹೆಸರಿನದೊಂದು ಸಣ್ಣ ಊರಿದೆ. ಅಂಚೆ ಕಚೇರಿಯ ಕೌಂಟರಿನವರು ವಿಳಾಸ ನೋಡಿ, ‘ಸಾರ್, ಲಂಡನ್ ಅಂತ ಬರೆದು ಯುಎಸ್‌ಎ ಅಂತೀರಲ್ಲ’ ಎಂದು ನನ್ನನ್ನೇ ತಿದ್ದಲು ಬಂದರು. ಅದಿರಲಿ. ಪುರಾವೆ ಎಂದರೆ ಬೋರ್ಡಿಂಗ್ ಪಾಸು. ನನ್ನದು ಓದುತ್ತಿದ್ದ ಪುಸ್ತಕದ ನಡುವೆ ಪುಟದ ಗುರುತಾಗಿ ಉಳಿದಿತ್ತು. ಮನೆಯಾಕೆಯದರ ಹಿಂಬದಿಯಲ್ಲಿ ತರಕಾರಿ ಪಟ್ಟಿ ಬರೆದು, ಸಾಮಾನು ತಂದು, ಎಸೆದಾಗಿತ್ತು. ಕೊನೆಗೆ ಅವಳನ್ನು ಕಾಪಾಡಿದ್ದು ಬೆಂಗಳೂರಿನ ಆಗಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಬಿದ್ದ ಠಸ್ಸೆ. ಭಾರತಕ್ಕೆ ಬಂದಿದ್ದಾಳೆ, ಆದ್ದರಿಂದ ಅಮೆರಿಕ ಬಿಟ್ಟಿದ್ದಾಳೆ. ಈ ತರ್ಕ ಅಂದು ನನಗೆ ಬಡವನ ಉಪಾಯದಂತೆ ಕಂಡಿತ್ತು. ಅದೇ ಉಪಾಯವನ್ನು ಎರಡು ದೊಡ್ಡ ದೇಶಗಳು ಆಮೇಲೆ ಒಪ್ಪಂದ ಮಾಡಿಕೊಂಡು ಜಾರಿಗೆ ತಂದವು. ಅದನ್ನು ಮುಂದೆ ಹೇಳುತ್ತೇನೆ.

ಇಷ್ಟು ದೊಡ್ಡ ದೇಶ ಹೊರಗೆ ಹೋಗುವವರ ಲೆಕ್ಕವನ್ನು ವಿಮಾನ ಕಂಪನಿಯ ಹುಡುಗಿಯ ಕೈಗೆ ಏಕೆ ಬಿಟ್ಟಿತು? ಉತ್ತರ ಕಟ್ಟಡದಲ್ಲಿದೆ. ನಮ್ಮ ನಿಲ್ದಾಣಗಳಲ್ಲಿ ವಿದೇಶಕ್ಕೆ ಹೊರಟವರು ಇಮಿಗ್ರೇಷನ್ ಕೌಂಟರು ದಾಟಿಯೇ ಹೋಗಬೇಕು. ಅಮೆರಿಕದ ನಿಲ್ದಾಣಗಳನ್ನು ಹಾಗೆ ಕಟ್ಟಿಲ್ಲ. ಶಿಕಾಗೊಕ್ಕೆ ಹೋಗುವವನೂ ಚೆನ್ನೈಗೆ ಹೋಗುವವನೂ ಒಂದೇ ಅಂಗಳದಲ್ಲಿ ಕೂತು ಒಂದೇ ಅಂಗಡಿಯ ಬನ್ನು ತಿನ್ನುತ್ತಾರೆ. ಹೊರಹೋಗುವ ಬಾಗಿಲಲ್ಲಿ ಸರ್ಕಾರದ ಮನುಷ್ಯನಿಗೆ ಕೂರಲು ಜಾಗವನ್ನೇ ಬಿಟ್ಟಿಲ್ಲ. ಬರುವವನು ಬಾಗಿಲು ತಟ್ಟುತ್ತಾನೆ, ಆದ್ದರಿಂದ ಬಾಗಿಲಲ್ಲಿ ಆಳು ಬೇಕು. ಹೋಗುವವನು ಹೋದರಾಯಿತು ಎಂದು ಕಟ್ಟಿದವರು ತಿಳಿದಿದ್ದರು.

1996ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಬಂದ ಪ್ರತಿಯೊಬ್ಬ ವಿದೇಶಿಯ ನಿರ್ಗಮನವನ್ನೂ ದಾಖಲಿಸಿ, ಆಗಮನದ ಜೊತೆ ತಾಳೆ ನೋಡುವ ಯಂತ್ರವ್ಯವಸ್ಥೆ ಎರಡು ವರ್ಷದೊಳಗೆ ಸಿದ್ಧವಾಗಬೇಕು ಎಂದು. ಓದಲು ಸರಳ. ಅದನ್ನು ತಡೆದದ್ದು ಡೆಟ್ರಾಯಿಟ್ ಊರಿನ ಒಂದು ಸೇತುವೆ ಎಂದರೆ ತಪ್ಪಾಗಲಾರದು. ಡೆಟ್ರಾಯಿಟಿನಿಂದ ಕೆನಡಾದ ವಿಂಡ್ಸರಿಗೆ ಹೋಗುವ ಅಂಬಾಸಡರ್ ಸೇತುವೆಯ ಮೇಲೆ ಕಾರಿನ ಬಿಡಿಭಾಗ ಹೊತ್ತ ಲಾರಿಗಳು ದಿನವಿಡೀ ಆಚೆ ಈಚೆ ಓಡುತ್ತವೆ. ಪ್ರತಿ ವಾಹನವನ್ನೂ ಹೊರಹೋಗುವಾಗ ಅರೆ ನಿಮಿಷ ನಿಲ್ಲಿಸಿದರೂ ಸಾಲು ಮೈಲುಗಟ್ಟಲೆ ಬೆಳೆದು ಕಾರ್ಖಾನೆಗಳು ನಿಲ್ಲುತ್ತವೆ ಎಂದು ವ್ಯಾಪಾರಿಗಳು ಕೂಗೆಬ್ಬಿಸಿದರು. ಮಿಷಿಗನ್ನಿನ ಸೆನೆಟರ್ ಸ್ಪೆನ್ಸರ್ ಅಬ್ರಹಾಂ ವ್ಯಾಪಾರಿಗಳ ಪರ ನಿಂತರು. 2000ದಲ್ಲಿ ಕಾನೂನನ್ನು ಸಡಿಲ ಮಾಡಿ, ಈಗಾಗಲೇ ಸಿಗುತ್ತಿರುವ ಮಾಹಿತಿಯನ್ನೇ ಹೊಂದಿಸಿಕೊಂಡರೆ ಸಾಕು ಎಂದರು. ಮರುವರ್ಷ ಸೆಪ್ಟೆಂಬರ್ 11 ಬಂತು. ಅದಾಗಿ ಸರಿಯಾಗಿ ಆರು ತಿಂಗಳಿಗೆ, 2002ರ ಮಾರ್ಚ್ 11ರಂದು, ಫ್ಲಾರಿಡಾದ ಒಂದು ವಿಮಾನ ತರಬೇತಿ ಶಾಲೆಗೆ ವಲಸೆ ಇಲಾಖೆಯ ಕಾಗದಗಳು ತಲುಪಿದವು: ಮೊಹಮ್ಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹಿ ಇಬ್ಬರಿಗೂ ವಿದ್ಯಾರ್ಥಿ ವೀಸಾ ಮಂಜೂರಾಗಿದೆ ಎಂದು. ಇಬ್ಬರೂ ವಿಮಾನಗಳನ್ನು ಅವಳಿ ಗೋಪುರಗಳಿಗೆ ಡಿಕ್ಕಿ ಹೊಡೆಸಿ ಸತ್ತಿದ್ದ ಸಂಗತಿ ಜಗತ್ತಿಗೆಲ್ಲ ಗೊತ್ತಿತ್ತು, ಕಡತಕ್ಕೆ ಗೊತ್ತಿರಲಿಲ್ಲ.

ಆಮೇಲೆ ದುಡ್ಡು ಸುರಿದರು, ಬೆರಳಚ್ಚು ತೆಗೆದರು, ವಿಮಾನ ಕಂಪನಿಗಳಿಂದ ಪ್ರಯಾಣಿಕರ ಪಟ್ಟಿಯನ್ನು ನೇರವಾಗಿ ತರಿಸಿಕೊಂಡರು. 2013ರಲ್ಲಿ ವಿಮಾನ ಮತ್ತು ಹಡಗಿನಲ್ಲಿ ಬರುವವರಿಗೆ ಆ ಬಿಳಿ ಚೀಟಿಯೂ ಹೋಯಿತು. ಈ ವ್ಯವಸ್ಥೆಯ ಫಲವಾಗಿ ಒಂದು ಅಂಕಿ ಹೊರಬಂತು. ನನ್ನ ಕಸುಬಿನವರು ಕಣ್ಣರಳಿಸಿ ನೋಡಬೇಕಾದ ಅಂಕಿ ಅದು. 2015ರ ಆರ್ಥಿಕ ವರ್ಷದಲ್ಲಿ ವಿಮಾನ, ಹಡಗುಗಳಲ್ಲಿ ಬಂದು ಹಿಂದಿರುಗಬೇಕಾಗಿದ್ದವರು ಸುಮಾರು 4 ಕೋಟಿ 49 ಲಕ್ಷ. ಅವಧಿ ಮೀರಿ ಉಳಿದವರು 5,27,127. ಶೇಕಡಾ 1.17. ಪತ್ರಿಕೆಗಳು ಐದು ಲಕ್ಷವನ್ನು ದಪ್ಪಕ್ಷರದಲ್ಲಿ ಹಾಕಿದವು. ಶೇಕಡಾವಾರನ್ನು ಯಾರೂ ಕೆದಕಲಿಲ್ಲ.

ಅದನ್ನು ಕೆದಕೋಣ. ಹೊರಟ ನೂರು ಜನರಲ್ಲಿ ತೊಂಬತ್ತೊಂಬತ್ತು ಜನರ ನಿರ್ಗಮನ ಸರಿಯಾಗಿ ದಾಖಲಾಗಿ ಒಬ್ಬರದು ತಪ್ಪಿತು ಎನ್ನಿ. ಯಾವ ಪರೀಕ್ಷೆಯಲ್ಲಾದರೂ ನೂರಕ್ಕೆ ತೊಂಬತ್ತೊಂಬತ್ತು ಬಂದರೆ ಹುಡುಗನನ್ನು ಮೆರವಣಿಗೆ ಮಾಡುತ್ತೇವೆ. ಆದರೆ ನಾಲ್ಕೂವರೆ ಕೋಟಿಯಲ್ಲಿ ಆ ಒಂದು ಅಂದರೆ ನಾಲ್ಕೂವರೆ ಲಕ್ಷ. ಒಬ್ಬನೂ ನಿಜವಾಗಿ ಉಳಿಯದೆ ಹೋದರೂ ಪುಸ್ತಕದಲ್ಲಿ ನಾಲ್ಕೂವರೆ ಲಕ್ಷ ಜನ ಉಳಿದಿರುತ್ತಾರೆ! ಅಳೆಯಬೇಕಾದ ವಸ್ತುವಿನಷ್ಟೇ ದೊಡ್ಡದು ಅಳತೆಯ ತಪ್ಪು. ನಿಜಕ್ಕೂ ಉಳಿದವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾರೆ, ಲಕ್ಷಗಟ್ಟಲೆಯೇ ಇರಬಹುದು. ಆದರೆ ಅದೇ ವರದಿಯನ್ನೇ ನೋಡಿ: ವರ್ಷದ ಕೊನೆಗೆ ದೇಶದೊಳಗೇ ಇದ್ದಾರೆಂದು ಶಂಕಿಸಲಾದವರು 4,82,781, ಮೂರು ತಿಂಗಳು ಕಳೆದು 2016ರ ಜನವರಿ ಮೊದಲ ವಾರದಲ್ಲಿ ನೋಡಿದರೆ ಸುಮಾರು 4,16,500. ಅಷ್ಟರಲ್ಲಿ 66 ಸಾವಿರ ಜನ ಹೊರಟಿದ್ದರು ಅಥವಾ ಅವರ ಕಾಗದ ಸಿಕ್ಕಿತ್ತು. ಇದಕ್ಕೂ ಮೊದಲು, 2011ರಲ್ಲಿ, ಜೋಡಿ ಸಿಗದೆ ಉಳಿದ 16 ಲಕ್ಷ ಆಗಮನ ದಾಖಲೆಗಳನ್ನು ಬೇರೆ ಕಡತಗಳ ಜೊತೆ ಹಿಡಿದು ನೋಡಿದಾಗ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚಿಬಿಡಬೇಕಾಯಿತು. ಆ ಜನ ಎಂದೋ ಹೋಗಿದ್ದರು, ಇಲ್ಲವೇ ಬೇರೆ ವೀಸಾಗೆ ಬದಲಾಗಿದ್ದರು.

ಜೋಡಿ ಏಕೆ ಸಿಗುವುದಿಲ್ಲ ಎಂದರೆ ಮೊದಲ ಕಾರಣ ಹೆಸರು. ಇಲ್ಲಿ ಕನ್ನಡಿಗರಾದ ನಮ್ಮದೂ ಒಂದಿಷ್ಟು ಕೊಡುಗೆ ಇದೆ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಎರಡು ಅಕ್ಷರ ಮಾಡಿ ಮುಂದೆ ಅಂಟಿಸಿಕೊಂಡವರು ನಾವು. ನಮಗೆ ಸರ್‌ನೇಮ್ ಇಲ್ಲ. ಕೇಳಿದರೆ ಒಬ್ಬರು ಊರು ಬರೆಯುತ್ತಾರೆ, ಇನ್ನೊಬ್ಬರು ಅಪ್ಪನನ್ನು ಬರೆಯುತ್ತಾರೆ, ಮೂರನೆಯವರು ಆ ಜಾಗವನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರ ಇರುವ ಒಂದೇ ಹೆಸರನ್ನು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ತೊಟ್ಟಿಲಲ್ಲಿ ಕಿವಿಗೆ ಮೂರು ಸಲ ಹೇಳಿಸಿಕೊಂಡ ಹೆಸರು ತಿಳಿಯದಾಗಿ, ‘ಎಫ್‌ಎನ್‌ಯು’ ಎಂಬ ಹೆಸರಿನ ಜನ ಆ ದೇಶದ ಕಂಪ್ಯೂಟರುಗಳ ತುಂಬ ಇದ್ದಾರೆ. ಟಿಕೆಟ್ಟು ತೆಗೆದ ಏಜೆಂಟ್ ಇನ್ನೊಂದು ಬಗೆಯಲ್ಲಿ ಬರೆಯುತ್ತಾನೆ. ಲಕ್ಷ್ಮಿಗೆ ಒಬ್ಬರು ಕೆ-ಎಸ್-ಎಚ್ ಹಾಕಿದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಬಂದದ್ದು ಹಳೆಯ ಪಾಸ್‌ಪೋರ್ಟಿನಲ್ಲಿ, ನಡುವೆ ಅದರ ಅವಧಿ ಮುಗಿದು ಹೊರಟದ್ದು ಹೊಸದರಲ್ಲಿ. ಎರಡು ದೇಶದ ಪೌರತ್ವ ಇದ್ದವರು ಒಂದನ್ನು ತೋರಿಸಿ ಬಂದು ಇನ್ನೊಂದನ್ನು ತೋರಿಸಿ ಹೋಗುತ್ತಾರೆ. ಬೆರಳಚ್ಚು, ಮುಖಚಿತ್ರ ಬಂದದ್ದು ಈ ತೊಡಕಿಗಾಗಿಯೇ. ಆದರೆ ಬೆರಳಚ್ಚನ್ನು ಬರುವಾಗ ತೆಗೆದು ಹೋಗುವಾಗ ತೆಗೆಯದಿದ್ದರೆ ಏನು ಪ್ರಯೋಜನ?

ಬ್ರಿಟನ್ನಿನ ಕಥೆ ಇನ್ನೂ ಹೇಳಿಕೊಳ್ಳುವಂಥದು. ಅಲ್ಲಿ ಹೊರಹೋಗುವವರ ಪಾಸ್‌ಪೋರ್ಟ್ ನೋಡುವ ಪದ್ಧತಿ ಮೊದಲು ಇತ್ತು. ಯುರೋಪಿಗೆ ಹೋಗುವವರಿಗೆ 1994ರಲ್ಲಿ, ಉಳಿದವರಿಗೆ 1998ರಲ್ಲಿ ಅದನ್ನು ನಿಲ್ಲಿಸಿದರು. ಮೊದಲ ನಿರ್ಧಾರ ಒಂದು ಪಕ್ಷದ್ದು, ಎರಡನೆಯದು ಎದುರು ಪಕ್ಷದ್ದು. ಆಮೇಲೆ ದೇಶದೊಳಗೆ ಎಷ್ಟು ಜನ ಉಳಿದರು ಎಂದು ಹೇಗೆ ಹೇಳುತ್ತಿದ್ದರು? ನಿಲ್ದಾಣಗಳಲ್ಲಿ ಪ್ರಶ್ನಾವಳಿ ಹಿಡಿದು ನಿಂತವರು ಆಯ್ದ ಪ್ರಯಾಣಿಕರನ್ನು ತಡೆದು ಕೇಳುತ್ತಿದ್ದರು. 1961ರಲ್ಲಿ ಪ್ರವಾಸಿಗರ ಖರ್ಚುವೆಚ್ಚ ತಿಳಿಯಲು ಆರಂಭಿಸಿದ ಸಮೀಕ್ಷೆ ಅದು. ದೋಸೆ ಹುಯ್ಯುವ ಕಾವಲಿಯ ಮೇಲೆ ಮುದ್ದೆ ಮಾಡಹೊರಟಂತೆ ಅದರಿಂದಲೇ ವಲಸೆಯ ಲೆಕ್ಕವನ್ನೂ ತೆಗೆದರು. ಆ ಸಮೀಕ್ಷೆಯ ಪ್ರಕಾರ ಯುರೋಪಿನ ಹೊರಗಿನಿಂದ ಓದಲು ಬಂದವರಿಗೂ ಓದಿ ಹೋದವರಿಗೂ ನಡುವೆ ವರ್ಷಕ್ಕೆ ಸುಮಾರು ಒಂದು ಲಕ್ಷ ವ್ಯತ್ಯಾಸ ಬರುತ್ತಿತ್ತು. ಲಕ್ಷ ವಿದ್ಯಾರ್ಥಿಗಳು ಓದಿನ ನೆಪದಲ್ಲಿ ಬಂದು ಕಣ್ಮರೆಯಾಗುತ್ತಿದ್ದಾರೆ ಎಂಬ ಮಾತು ರಾಜಕೀಯದಲ್ಲಿ ಓಡಾಡಿತು. 2012ರಲ್ಲಿ, ಓದು ಮುಗಿಸಿದವರು ಎರಡು ವರ್ಷ ಅಲ್ಲೇ ಕೆಲಸ ಮಾಡಲು ಇದ್ದ ವೀಸಾ ನಿಂತಿತು. ಭಾರತದಿಂದ ಹೋಗುವ ಹೊಸ ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷದಲ್ಲಿ ಅರ್ಧದಷ್ಟಾಯಿತು. ಅದಕ್ಕೆ ಈ ಅಂಕಿಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ವಿದ್ಯಾರ್ಥಿಯನ್ನು ಅನುಮಾನದಿಂದ ನೋಡುವ ಕಣ್ಣಿಗೆ ಕಾಡಿಗೆ ಹಚ್ಚಿದ್ದು ಇಂಥ ಅಂಕಿಗಳೇ.

2015ರ ಏಪ್ರಿಲ್ 8ರಿಂದ ನಿರ್ಗಮನ ತಪಾಸಣೆ ಮತ್ತೆ ಆರಂಭವಾಯಿತು. ಎರಡು ವರ್ಷ ಬಿಟ್ಟು, 2017ರ ಆಗಸ್ಟಿನಲ್ಲಿ ಅದರ ಲೆಕ್ಕ ಪ್ರಕಟವಾಯಿತು. ವೀಸಾ ಮುಗಿದ ವಿದ್ಯಾರ್ಥಿಗಳಲ್ಲಿ ಶೇಕಡಾ 97ರಷ್ಟು ಜನ ಹೊತ್ತಿಗೆ ಸರಿಯಾಗಿ ದೇಶ ಬಿಟ್ಟಿದ್ದರು. ಉಳಿದವರು ಲಕ್ಷವಲ್ಲ, ಐದು ಸಾವಿರಕ್ಕೂ ಕಡಿಮೆ. ಅಷ್ಟು ವರ್ಷ ಕಾಣೆಯಾಗಿದ್ದು ಹುಡುಗರಲ್ಲ, ಗಡಿಯ ಪುಸ್ತಕದ ಪುಟ. ಕೆಲಸದ ವೀಸಾವನ್ನು 2021ರಲ್ಲಿ ಇನ್ನೊಂದು ಹೆಸರಿನಲ್ಲಿ ಮತ್ತೆ ಕೊಟ್ಟರು. ಆ ನಡುವೆ ಹೋಗಬೇಕೆಂದಿದ್ದು ಹೋಗಲಾರದೆ ಉಳಿದವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ಅವರಿಗೆ ಯಾರೂ ಕ್ಷಮೆ ಕೇಳಿದಂತಿಲ್ಲ.

ಹಣದ ಮಾತನ್ನೂ ಹೇಳಿಬಿಡುತ್ತೇನೆ: ಗಡಿಯ ಈ ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಬ್ರಿಟನ್ 2003ರಿಂದ 2015ರೊಳಗೆ 83 ಕೋಟಿ ಪೌಂಡ್ ಖರ್ಚು ಮಾಡಿತು. 2007ರಲ್ಲಿ ಒಂದು ಕಂಪನಿಗೆ ಕೊಟ್ಟ ಗುತ್ತಿಗೆಯನ್ನು 2010ರಲ್ಲಿ ರದ್ದು ಮಾಡಿತು.

ಇದೇ ದೇಶದ ಇನ್ನೊಂದು ಪ್ರಸಂಗವನ್ನು ನಾನು ಸಿಟ್ಟಿಲ್ಲದೆ ಹೇಳಲಾರೆ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಜನ ಕೆಲಸಕ್ಕೆಂದು ಬ್ರಿಟನ್ನಿಗೆ ಬಂದರು. 1948ರಲ್ಲಿ ಬಂದ ವಿಂಡ್‌ರಷ್ ಹಡಗಿನ ಹೆಸರಿನಿಂದಲೇ ಆ ಪೀಳಿಗೆಯನ್ನು ಕರೆಯುತ್ತಾರೆ. 1973ಕ್ಕೆ ಮೊದಲು ಬಂದು ನೆಲೆಸಿದವರಿಗೆ ಅಲ್ಲೇ ಇರುವ ಹಕ್ಕಿತ್ತು, ಆದರೆ ಕಾಗದ ಕೊಟ್ಟಿರಲಿಲ್ಲ. ಎಷ್ಟೋ ಜನ ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಬಂದ ಮಕ್ಕಳು. ಅರ್ಧ ಶತಮಾನ ದುಡಿದು, ತೆರಿಗೆ ಕಟ್ಟಿ, ಮುದುಕರಾದ ಮೇಲೆ ಕಾನೂನು ಬಿಗಿಯಾಯಿತು. ನೀವು ಇಲ್ಲಿದ್ದ ಪ್ರತಿ ವರ್ಷಕ್ಕೂ ಪುರಾವೆ ತನ್ನಿ ಎಂದರು. ಕೆಲಸ ಹೋಯಿತು, ಮನೆ ಹೋಯಿತು, ಆಸ್ಪತ್ರೆಯ ಚಿಕಿತ್ಸೆ ನಿಂತಿತು. ಕೆಲವರನ್ನು, ಹುಟ್ಟಿದ ನಾಡು ಎಂದು, ಅವರು ಮರೆತೇ ಬಿಟ್ಟಿದ್ದ ದ್ವೀಪಗಳಿಗೆ ಕಳಿಸಿದರು. ಅವರು ಬಂದಿಳಿದ ತಾರೀಕು ಇದ್ದ ಚೀಟಿಗಳು ಸರ್ಕಾರದ ಬಳಿಯೇ ಇದ್ದವು. ಅವನ್ನು 2010ರಲ್ಲಿ ಸರ್ಕಾರವೇ ನಾಶಮಾಡಿತ್ತು. ತನ್ನ ಪ್ರತಿಯನ್ನು ಹರಿದು ಹಾಕಿ ಎದುರಿನವನ ಪ್ರತಿಯನ್ನು ಕೇಳುವ ಸಾಹುಕಾರನನ್ನು ನಮ್ಮ ಹಳ್ಳಿಗಳಲ್ಲಿ ಏನೆಂದು ಕರೆಯುತ್ತಾರೆ ಎಂದು ನಿಮಗೆ ಗೊತ್ತು. 2018ರಲ್ಲಿ ವಿಷಯ ಹೊರಬಿದ್ದು ಗೃಹಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಪುರಾವೆಯ ಹೊರೆಯನ್ನು ಪ್ರಯಾಣಿಕನ ತಲೆಗೆ ಕಟ್ಟುವುದು ಬ್ರಿಟನ್ನಿನ ವಿಶೇಷವೇನಲ್ಲ. ಯುರೋಪಿನ ಷೆಂಗೆನ್ ಗಡಿ ಸಂಹಿತೆಯಲ್ಲಿ ಅದು ಬರಹದಲ್ಲೇ ಇದೆ. 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು ಎಂಬುದು ಅಲ್ಲಿನ ನಿಯಮ. ಪಾಸ್‌ಪೋರ್ಟಿನಲ್ಲಿ ಪ್ರವೇಶದ ಠಸ್ಸೆ ಕಾಣದಿದ್ದರೆ ಅವಧಿಯ ನಿಯಮವನ್ನು ನೀವು ಮೀರಿದ್ದೀರಿ ಎಂದು ಭಾವಿಸಿಕೊಳ್ಳಲು ಅಧಿಕಾರಿಗೆ ಅಧಿಕಾರವಿದೆ. ಅಲ್ಲ ಎಂದು ತೋರಿಸಲು ಟಿಕೆಟ್ಟು ಮೊದಲಾದವನ್ನು ನೀವು ತರಬೇಕು. ಠಸ್ಸೆ ಒತ್ತಬೇಕಾದವನು ಅಧಿಕಾರಿ, ಒತ್ತದಿದ್ದರೆ ತಪ್ಪು ಪ್ರಯಾಣಿಕನದು. ಈಗ ಠಸ್ಸೆಯೇ ಹೋಗುತ್ತಿದೆ. 2017ರಲ್ಲಿ ಕಾನೂನಾದ ಹೊಸ ವ್ಯವಸ್ಥೆ ಮುಂದೂಡುತ್ತ ಮುಂದೂಡುತ್ತ 2025ರ ಅಕ್ಟೋಬರ್ 12ರಂದು 29 ದೇಶಗಳ ಗಡಿಗಳಲ್ಲಿ ಹಂತಹಂತವಾಗಿ ಆರಂಭವಾಯಿತು. ಮುಖದ ಚಿತ್ರ, ಬೆರಳಚ್ಚು, ಬಂದ ದಿನ, ಹೋದ ದಿನ ಎಲ್ಲವೂ ಕಂಪ್ಯೂಟರಿನಲ್ಲಿ.

ಕೆನಡಾ ಮತ್ತು ಅಮೆರಿಕದ ಉಪಾಯವನ್ನು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. 2011ರಲ್ಲಿ ಎರಡೂ ದೇಶಗಳು ಕೂತು, ನಿನ್ನ ಮನೆಗೆ ಬಂದವನೆಂದರೆ ನನ್ನ ಮನೆಯಿಂದ ಹೋದವನೇ ತಾನೆ ಎಂದು ಒಪ್ಪಿಕೊಂಡವು. ಭೂಗಡಿಯಲ್ಲಿ ಕೆನಡಾ ಬರೆದ ಆಗಮನವೇ ಅಮೆರಿಕಕ್ಕೆ ನಿರ್ಗಮನ. 2013ರಲ್ಲಿ ಮೂರನೆಯ ದೇಶದವರಿಗೆ, 2019ರಲ್ಲಿ ಎಲ್ಲರಿಗೂ ಇದು ಜಾರಿಯಾಯಿತು. ಅಂಬಾಸಡರ್ ಸೇತುವೆಯ ಮೇಲೆ ಒಂದು ಲಾರಿಯನ್ನೂ ಹೆಚ್ಚುವರಿಯಾಗಿ ನಿಲ್ಲಿಸಲಿಲ್ಲ. ನನ್ನ ಹೆಂಡತಿಯ ಎಚ್‌ಎಎಲ್ ಠಸ್ಸೆಯ ತರ್ಕವೇ. ಇಡೀ ಈ ಚರಿತ್ರೆಯಲ್ಲಿ ನನಗೆ ಬುದ್ಧಿವಂತಿಕೆ ಎನಿಸಿದ್ದು ಇದೊಂದೇ. ಆದರೆ ನೆರೆಮನೆಯನ್ನು ನಂಬುವ ದೇಶಗಳಿಗೆ ಮಾತ್ರ ಇದು ಸಾಧ್ಯ.

ನಮ್ಮ ಗಡಿಗಳ ಮಾತೇ ಬೇರೆ. ನೇಪಾಳದ ಜೊತೆ ನಮಗೆ 1,700 ಕಿಲೋಮೀಟರಿಗೂ ಮಿಕ್ಕಿದ ಗಡಿಯಿದೆ. 1950ರ ಒಪ್ಪಂದದ ನೆರಳಿನಲ್ಲಿ ಅಲ್ಲಿ ವೀಸಾ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ನಮ್ಮ ಹೆಸರು ಬರೆಸಿಕೊಳ್ಳುವ ನೇಪಾಳಿ ತಮ್ಮ ಎಂದು ಬಂದ, ಎಂದು ಹೋಗುತ್ತಾನೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಇರಬೇಕೆಂದು ನನಗೂ ಅನ್ನಿಸುವುದಿಲ್ಲ. ನಾಗಾಲ್ಯಾಂಡಿನ ಲೊಂಗ್ವಾ ಎಂಬ ಊರಿನಲ್ಲಿ ಮ್ಯಾನ್ಮಾರ್ ಗಡಿ ಊರ ದೊರೆಯ ಮನೆಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಆಗಮನ ನಿರ್ಗಮನ ಬರೆಯುವುದಾದರೆ ಒಲೆಗೂ ಹಾಸಿಗೆಗೂ ನಡುವೆ ಕೌಂಟರು ಹಾಕಬೇಕು.

ವಿಮಾನ ನಿಲ್ದಾಣಗಳಲ್ಲಿ ನಮ್ಮ ಲೆಕ್ಕ ಅಮೆರಿಕಕ್ಕಿಂತ ಅಚ್ಚುಕಟ್ಟು. ಹೋಗುವವರನ್ನೂ ಬರುವವರನ್ನೂ ಬರೆಯುತ್ತೇವೆ. ಆದರೂ 2020ರ ಮಾರ್ಚಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಸೌದಿಯಿಂದ ಹಿಂದಿರುಗಿದ್ದ ಕಲಬುರಗಿಯ ಹಿರಿಯರೊಬ್ಬರು ಕೋವಿಡ್‌ನಿಂದ ತೀರಿಕೊಂಡರು. ದೇಶದ ಮೊದಲ ಸಾವು ಅದು. ಅದೇ ತಿಂಗಳ ಕೊನೆಯಲ್ಲಿ ಕೇಂದ್ರ ಸಂಪುಟ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದರು: ಜನವರಿ 18ರಿಂದ ಮಾರ್ಚ್ 23ರವರೆಗೆ ವಿದೇಶದಿಂದ 15 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ, ನೀವು ನಿಗಾದಲ್ಲಿಟ್ಟವರ ಸಂಖ್ಯೆಗೂ ಇದಕ್ಕೂ ತಾಳೆಯಾಗುತ್ತಿಲ್ಲ ಎಂದು. ಜಮಾ ಸರಿಯಾಗಿತ್ತು. ಜಮಾ ಆದವರು ಎಲ್ಲಿದ್ದಾರೆಂಬುದು ಪುಸ್ತಕದಲ್ಲಿರಲಿಲ್ಲ. ನಮ್ಮ ರಾಜ್ಯ ಸರ್ಕಾರ ಮನೆಯಲ್ಲೇ ನಿಗಾದಲ್ಲಿದ್ದವರಿಗೆ ಗಂಟೆಗೊಂದು ಸೆಲ್ಫಿ ಕಳಿಸಲು ಹೇಳಿದ್ದು ಆಗಲೇ.

ಹೋಗುವವರ ಲೆಕ್ಕ ಬಲು ಕಟ್ಟುನಿಟ್ಟಾಗಿದ್ದ ಜಾಗವೂ ಇತ್ತು. ಕತಾರಿನಲ್ಲಿ ಮಾಲೀಕನ ಒಪ್ಪಿಗೆ ಚೀಟಿಯಿಲ್ಲದೆ ಕೆಲಸಗಾರ ದೇಶ ಬಿಡುವಂತಿರಲಿಲ್ಲ. ಹೆಚ್ಚಿನವರಿಗೆ ಅದು ತಪ್ಪಿದ್ದು 2018ರಲ್ಲಿ, ಮನೆಗೆಲಸದವರಿಗೆ 2020ರಲ್ಲಿ. ಅಲ್ಲಿ ಯಾರು ಹೊರಗೆ ಹೋದರು ಎಂಬ ಗೊಂದಲವೇ ಇರಲಿಲ್ಲ, ಏಕೆಂದರೆ ಬೀಗದ ಕೈ ಒಬ್ಬನ ಜೇಬಿನಲ್ಲಿತ್ತು. ಅಪ್ಪ ಸತ್ತ ಸುದ್ದಿ ಬಂದರೂ ಚೀಟಿಗಾಗಿ ಕಾದವರ ಕಥೆಗಳನ್ನು ಕರಾವಳಿಯ ಮನೆಗಳಲ್ಲಿ ನಾನು ಕೇಳಿದ್ದೇನೆ. ಆದ್ದರಿಂದ ಲೆಕ್ಕ ಬಿಗಿಯಾಗಲಿ ಎಂದಷ್ಟೇ ಹೇಳಿ ಕೂರಲು ನನಗೆ ಮನಸ್ಸಿಲ್ಲ.

ನಾನು ಕೇಳುವುದು ರಸೀತಿಯನ್ನು. ಠಸ್ಸೆ ಎಂಬುದು ಅಧಿಕಾರಿಯ ಗುರುತು ಎಂದು ನಾವು ತಿಳಿದಿದ್ದೆವು. ನಿಜವಾಗಿ ಅದು ನಮ್ಮ ಪಾಲಿನ ಪ್ರತಿ. ಅನಿವಾಸಿ ಭಾರತೀಯರು ಆದಾಯ ತೆರಿಗೆಗಾಗಿ 182 ದಿನದ ಲೆಕ್ಕ ಕೊಡುವಾಗ ಆಡಿಟರು ಮೊದಲು ಕೇಳುತ್ತಿದ್ದದ್ದು ಪಾಸ್‌ಪೋರ್ಟಿನ ಆ ಪುಟಗಳನ್ನೇ. ಹಾಂಕಾಂಗ್ 2013ರಿಂದ ಠಸ್ಸೆ ಒತ್ತುತ್ತಿಲ್ಲ. ಯುರೋಪಿನದೂ ಮುಗಿಯುತ್ತ ಬಂತು. ಮುಖ ನೋಡಿ ತೆರೆದುಕೊಳ್ಳುವ ಬಾಗಿಲು 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ. ಸಾಲು ಬೇಗ ಕರಗುತ್ತದೆ, ಮೊಣಕಾಲು ನೋವಿನ ನನ್ನಂಥವರಿಗೆ ಅದೇ ಉಪಕಾರ. ಆದರೆ ಎರಡು ಪ್ರತಿಯ ಪುಸ್ತಕ ಒಂದು ಪ್ರತಿಯದಾಗುತ್ತಿದೆ, ಆ ಒಂದು ಪ್ರತಿ ಸರ್ಕಾರದ ಬಳಿ ಇದೆ. ಅಮೆರಿಕ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ: ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ನೀವು ಬಂದುಹೋದ ತಾರೀಕುಗಳನ್ನು ಅಂತರ್ಜಾಲದಲ್ಲಿ ನೀವೇ ನೋಡಬಹುದು. ಯಾವ ದೇಶವೇ ಆಗಲಿ, ಮುಖ ಮತ್ತು ಬೆರಳು ಕೇಳುವಾಗ ಇಷ್ಟನ್ನಾದರೂ ಕೊಡಬೇಕು. ಜೊತೆಗೆ, ನಿರ್ಗಮನದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರ ವೀಸಾವನ್ನೂ ತಡೆಯಬಾರದು. ಪುಟ ಕಳೆದದ್ದು ಯಾರಿಂದ ಎಂದು ಮೊದಲು ತನ್ನ ಕಪಾಟನ್ನು ನೋಡಿಕೊಳ್ಳಬೇಕು.

ಅಷ್ಟಾಗುವವರೆಗೆ ನನ್ನದೊಂದು ವಿನಂತಿ. ಈ ಸಭೆಯಲ್ಲಿ ಮುಂದಿನ ವರ್ಷ ಬಾಣಂತನಕ್ಕೆ ಹೊರಟವರು ನಾಲ್ಕಾರು ಜನರಾದರೂ ಇದ್ದೀರಿ. ಹಿಂದಿರುಗಿದ ಮೇಲೆ ಬೋರ್ಡಿಂಗ್ ಪಾಸನ್ನು ಎಸೆಯಬೇಡಿ, ಮೊಬೈಲಿನಲ್ಲಿದ್ದರೆ ಅಳಿಸಬೇಡಿ. ಹಿಂಬದಿಯಲ್ಲಿ ತರಕಾರಿ ಪಟ್ಟಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಸಾಮಾನು ತಂದಾದ ಮೇಲೆ ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಬಿಡಿ.